ಆಲೆಮನೆಯಲ್ಲಿ ಕುಶಲ ವಿಚಾರಣೆ

ಗೆಳೆಯರೇ, ಇವತ್ತು ಕೊತ್ತತ್ತಿಯ ಆಲೆಮನೆಯಲ್ಲಿ ಒಬ್ಬ ಅಮೆರಿಕನ್ ಹೆಂಗಸಿಗೂ ಒಬ್ಬ ಜರ್ಮನ್ ಗಂಡಸಿಗೂ ನಾನು ದುಭಾಷಿ. ಬೆಲ್ಲ ಮಾಡುವುದನ್ನು ನೋಡಲು ಬಂದವರು. ಕಬ್ಬಿನ ಸಿಪ್ಪೆ ಒಣಗಿಸುತ್ತಿದ್ದ ನಿಂಗಮ್ಮನನ್ನು ಅಮೆರಿಕದವಳು ಕಲಿತು ಬಂದ ಕನ್ನಡದಲ್ಲಿ, "ಹೇಗಿದ್ದೀರಿ?" ಎಂದು ನಗುತ್ತಾ ಕೇಳಿದಳು.

"ಮಂಡಿ ನೋವು ಕಣಮ್ಮ, ಕೂತ್ರೆ ಏಳಕಾಗಕಿಲ್ಲ" ಎಂದು ನಿಂಗಮ್ಮ ಶುರು ಮಾಡುವಷ್ಟರಲ್ಲಿ ಅಮೆರಿಕದವಳು ಕೊಪ್ಪರಿಗೆಯ ಹತ್ತಿರ ಹೋಗಿಯಾಗಿತ್ತು.

"ಅಮೆರಿಕದವರೇ ಹೀಗೆ. ಕೇಳುತ್ತಾರೆ, ಉತ್ತರಕ್ಕೆ ನಿಲ್ಲುವುದಿಲ್ಲ" ಎಂದ ಜರ್ಮನ್.

"ಯುರೋಪಿನವರು ಕೇಳುವುದೇ ಇಲ್ಲವಲ್ಲ" ಎಂದಳು ಅವಳು. ಇಬ್ಬರ ಮುಖವೂ ಬಿಗಿಯಿತು.

ನಿಂಗಮ್ಮನಿಗೆ ಇದನ್ನೆಲ್ಲ ಕನ್ನಡದಲ್ಲಿ ಹೇಳಿದೆ. "ಅದ್ಕ್ಯಾಕ್ ಜಗಳ, ಬುಡಿ. ನಾವೂ ದಾರೀಲಿ ಓಗೋರ್ನೆಲ್ಲ ಉಂಡ್ರಾ ಅಂತೀವಿ. ಎಲ್ರಿಗೂ ಇಕ್ಕಕಾಯ್ತದಾ?" ಎನ್ನುತ್ತಾ ಬುತ್ತಿ ಬಿಚ್ಚಿದಳು. ಆಮೇಲೆ ನನ್ನ ಕಡೆ ತಿರುಗಿ, "ನೀವ್ ಉಂಡ್ರಾ ಮೇಷ್ಟ್ರೇ?" ಎಂದಳು.

"ಆಯ್ತು ಕಣವ್ವ" ಎಂದು ಹೊರಟುಬಿಟ್ಟೆ. ಆಗಿರಲಿಲ್ಲ. ತಿರುಗಿ ನೋಡಿದರೆ ಅರ್ಧ ಮುದ್ದೆ ಮುರಿದು ಡಬ್ಬಿಯ ಮುಚ್ಚಳದಲ್ಲಿಟ್ಟುಕೊಂಡು ಇನ್ನೂ ನನ್ನನ್ನೇ ನೋಡುತ್ತಿದ್ದಳು.

ಈಗ ಭಾರತೀನಗರದ ಬಾಡಿಗೆ ರೂಮಿನಲ್ಲಿ ಒಬ್ಬನೇ ಅವಲಕ್ಕಿ ನೆನೆಸಿಟ್ಟು ಕೂತಿದ್ದೇನೆ. ಕೇಳಿದವರು ಉತ್ತರಕ್ಕೆ ನಿಂತರೂ ನಿಜ ಹೇಳದ ನಾನು ಯಾವ ದೇಶದವನೋ.