ಹೊನ್ನಾಳಿಯಲ್ಲಿ ಸಮುದ್ರ ಕಲಸಿದ್ದು

ತುಂಗಭದ್ರೆ ಮಗ್ಗುಲಲ್ಲೇ ಹರಿಯುವ ಹೊನ್ನಾಳಿಯಲ್ಲಿ ಕೂತು ನಾನು ಸಮುದ್ರದ ನೀರು ಮಾಡುತ್ತೇನೆಂದರೆ ಹೊಸಬರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಹೆಂಡತಿಯ ಮುಖ ನೋಡುತ್ತಾರೆ. ಅವಳು ಹೌದೆನ್ನುವಂತೆ ತಲೆಯಾಡಿಸುತ್ತಾಳೆ, ಪಾಪ.

ನನ್ನದು ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿ. ನ್ಯಾಮತಿಯ ಗೆಳೆಯನೊಬ್ಬ ತನ್ನ ಮನೆಯ ಗಾಜಿನ ತೊಟ್ಟಿಯಲ್ಲಿ ಜೀವಂತ ಹವಳ ಸಾಕಿದ್ದ. ಅದನ್ನು ನೋಡಿದ ದಿನವೇ ನನಗೂ ಹುಚ್ಚು ಹತ್ತಿತು. ಈಗ ನಮ್ಮ ಪಡಸಾಲೆಯಲ್ಲೂ ಒಂದು ತೊಟ್ಟಿಯಿದೆ. ಅದರಲ್ಲಿ ಬೆರಳಾಡಿಸಿದಂತೆ ಓಲಾಡುವ ಹವಳಗಳಿವೆ, ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನುಗಳಿವೆ. ಅವಕ್ಕೆ ಆಗಾಗ ಹೊಸ ಉಪ್ಪುನೀರು ಕೊಡಬೇಕು. ಹಿತ್ತಲಿನ ನೀಲಿ ಡ್ರಮ್ಮಿಗೆ ಫಿಲ್ಟರ್ ನೀರು ತುಂಬಿ, ಹವಳಕ್ಕೆಂದೇ ಮಾರುವ ಉಪ್ಪು ಸುರಿದು, ಸಣ್ಣ ಪಂಪು ಬಿಟ್ಟು ಒಂದು ದಿನ ತಿರುಗಲು ಬಿಡುತ್ತೇನೆ. ಉಪ್ಪು ಸರಿಯಿದ್ದರಷ್ಟೇ ಸಾಲದು, ಕ್ಷಾರವೂ ಸರಿಯಿರಬೇಕು. ಅದಿಲ್ಲದಿದ್ದರೆ ಹವಳಕ್ಕೆ ಮೂಳೆ ಕಟ್ಟುವುದಿಲ್ಲ. ಗೆಳೆಯ ಅದನ್ನು 'ಆಲ್ಕಲಿನಿಟಿ' ಎನ್ನುವಾಗ ಮನೆದೇವರ ಹೆಸರು ಹೇಳಿದಷ್ಟು ಭಕ್ತಿಯಿರುತ್ತದೆ.

ಕಳೆದ ಬೇಸಿಗೆಯಲ್ಲಿ ಜಗಳೂರಿನಿಂದ ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಒಂದು ಚೀಲ ಶೇಂಗಾ ಹೊತ್ತು ಬಸ್ಸಿಳಿದರು. ಅತ್ತೆಯ ಕಣ್ಣಿಗೆ ಯಾವ ವಸ್ತುವೂ ಸುಮ್ಮನೆ ಬಿದ್ದಿರಬಾರದು. ನಾನು ಡ್ರಮ್ಮಿಗೆ ಉಪ್ಪು ಸುರಿಯುವುದನ್ನು ನೋಡುತ್ತ ನಿಂತರು. ಒಂದು ಬೆರಳು ಅದ್ದಿ ನೆಕ್ಕಿ ನೋಡಿದರು.

"ಇಷ್ಟೂ ಮೀನಿಗೇನಾ?"

"ಒಂದೇ ಸಲ ಅಲ್ಲ ಅತ್ತೆ. ಸ್ವಲ್ಪ ಸ್ವಲ್ಪ ಹಾಕ್ತೀನಿ."

"ಹಂಗಾದ್ರೆ ಮಿಕ್ಕಿದ್ದು ಸುಮ್ನೆ ಗಿರಗಿರ ತಿರುಗ್ತಿರ್ತೈತಾ?"

"ಹೌದು," ಎಂದು ಅಂಗಡಿಗೆ ಹೋದೆ.

ಮರುದಿನ ಬೆಳಿಗ್ಗೆ ನೀರು ಪರೀಕ್ಷೆ ಮಾಡಿದೆ. ಗಾಜಿನ ಪುಟ್ಟ ನಳಿಕೆಗೆ ನೀರು ತುಂಬಿ ಬಣ್ಣದ ಔಷಧಿ ಹಾಕಿದರೆ ಅದು ನೀಲಿಯಾಗಬೇಕು. ಆಮೇಲೆ ಇನ್ನೊಂದು ಔಷಧಿಯನ್ನು ತೊಟ್ಟು ತೊಟ್ಟಾಗಿ ಬಿಡುತ್ತ ಹೋದರೆ ಎಂಟನೆಯ ತೊಟ್ಟಿನ ಹೊತ್ತಿಗೆ ಹಳದಿಗೆ ತಿರುಗಬೇಕು. ಎಷ್ಟು ತೊಟ್ಟು ಹಿಡಿಯಿತೋ ಅಷ್ಟು ಕ್ಷಾರ. ಅವತ್ತು ನೀಲಿಯೇ ಆಗಲಿಲ್ಲ, ನೇರವಾಗಿ ಹಳದಿಯಾಯಿತು. ಇನ್ನೊಮ್ಮೆ ಮಾಡಿದರೂ ಹಳದಿಯೇ.

ಗೆಳೆಯನಿಗೆ ಫೋನ್ ಮಾಡಿದೆ.

"ಸೊನ್ನೆನಾ? ಆಗಾಕೇ ಸಾಧ್ಯ ಇಲ್ಲ ಕಣೋ! ಅಡುಗೆ ಸೋಡ ಹಾಕು, ಏರ್ತೈತೆ."

ಒಂದು ಚಮಚ ಹಾಕಿದೆ. ನೀರು ಗುಳುಗುಳು ಎಂದು ನೊರೆಯೆತ್ತಿತು. ಕ್ಷಾರ ಏರಿತು. ಸಂಜೆ ನೋಡಿದರೆ ಮತ್ತೆ ಹಳದಿ! ಇನ್ನೆರಡು ಚಮಚ ಹಾಕಿದೆ. ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿಯ ಕೂಗು ಕೇಳಿಸಿತು.

"ರೀ, ಬೆಳ್ಳುಳ್ಳಿ ಜಜ್ಜೋ ಗುಂಡುಕಲ್ಲು ಕಂಡ್ರಾ?"

"ಸಮುದ್ರ ಕೆಟ್ಟು ಕೂತೈತೆ, ನಿನಗೆ ಗುಂಡುಕಲ್ಲಿನ ಚಿಂತೆ!" ಎಂದೆ. ಅವಳು ಹಿತ್ತಲಿಗೆ ಬಂದಳು. ಸೋಡದ ಡಬ್ಬಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಹೋದಳು.

ಅದಾದ ಮರುದಿನ ಗೆಳೆಯ ತಡೆಯಲಾರದೆ ನ್ಯಾಮತಿಯಿಂದ ಬೈಕಿನಲ್ಲಿ ಬಂದೇಬಿಟ್ಟ. ಹೆಲ್ಮೆಟ್ಟನ್ನೂ ತೆಗೆಯದೆ ಡ್ರಮ್ಮಿನ ಮೇಲೆ ಬಗ್ಗಿದ. ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗಿತ್ತು, ತಳ ಕಾಣುತ್ತಿರಲಿಲ್ಲ. ಅವನು ಹೆಲ್ಮೆಟ್ ತೆಗೆದು ನೀರನ್ನು ಮೂಸಿದ. ನಾನೂ ಮೂಸಿದೆ. ಮದುವೆ ಮನೆಯಲ್ಲಿ ಸಾರಿನ ಹದ ನೋಡುವ ಅಡುಗೆ ಭಟ್ಟರಂತೆ ಇಬ್ಬರೂ ಕಣ್ಣುಮುಚ್ಚಿ ನಿಂತೆವು.

"ನಂಗೆ ಬಾಯಲ್ಲಿ ನೀರೂರ್ತೈತಲ್ಲೋ," ಎಂದ ಗೆಳೆಯ ಗಾಬರಿಯಿಂದ. "ಸಮುದ್ರದ ನೀರಿಗೆ ಹಿಂಗಾಗಬಾರ್ದು."

ಕೋಲು ತಂದು ತಳ ಕೆದಕಿದೆ. ಏನೋ ಮೆತ್ತಗೆ ಸಿಕ್ಕಿತು. ಎಳೆದಾಗ ನನ್ನ ಹಳೆಯ ಪಂಚೆಯ ಗಂಟು ಮೇಲೆ ಬಂತು. ಬಿಚ್ಚಿದರೆ ಒಳಗೆ ಹೋಳು ಮಾಡಿದ ಮಾವಿನಕಾಯಿ! ತೇಲದಿರಲೆಂದು ನಡುವೆ ಗುಂಡುಕಲ್ಲು ಬೇರೆ ಇಟ್ಟಿದ್ದರು.

ಗೆಳೆಯ ಹಣೆ ಚಚ್ಚಿಕೊಂಡ. "ಅಯ್ಯೋ, ಮಾವಿನ ಹುಳಿ ಕ್ಷಾರನೆಲ್ಲ ನುಂಗೈತೆ. ನಾವು ಸೋಡ ಹಾಕಿದಂಗೆಲ್ಲ ಅದನ್ನೂ ನುಂಗೈತೆ!"

'ಸೋಡ' ಎಂಬ ಮಾತು ಕಿವಿಗೆ ಬಿದ್ದದ್ದೇ ಒಳಗಿಂದ ಅತ್ತೆ ಬಂದರು.

"ನನ್ನ ಮಾವಿನಕಾಯಿಗೆ ಸೋಡ ಹಾಕಿದೋನು ಯಾವನೋ?"

ನಾನು ಗೆಳೆಯನನ್ನು ತೋರಿಸಿದೆ. ಅವನು ನನ್ನನ್ನು ತೋರಿಸಿದ.

"ಪಕ್ಕದ ಮನೇರು ಪ್ರೀತಿಯಿಂದ ಕೊಟ್ಟಿದ್ರು. ಉಪ್ಪುನೀರು ಸುಮ್ನೆ ತಿರುಗ್ತಾ ಐತೆ ಅಂತ ನೀನೇ ಹೇಳಿದ್ದೆ. ಇನ್ನು ಉಪ್ಪಿನಕಾಯಿಗೆ ನೆನೆ ಹಾಕಾಕೆ ಏನಡ್ಡಿ?" ಎನ್ನುತ್ತ ಅತ್ತೆ ಒಂದು ಹೋಳು ಹಿಸುಕಿದರು. ಸೋಡಕ್ಕೆ ಬೆಂದಂತಾಗಿದ್ದ ಹೋಳು ಬೆರಳ ಸಂದಿಯಲ್ಲಿ ಪಿಚಕ್ಕೆಂದಿತು. ನಾವು ಬೇಡ ಬೇಡ ಎನ್ನುವಷ್ಟರಲ್ಲಿ ನಾಲಿಗೆಗೂ ಇಟ್ಟುಕೊಂಡರು. ಮುಖ ಕಿವುಚಿತು, ಒಂದು ಕಣ್ಣು ಮುಚ್ಚಿತು, ಮೂರು ಸಲ ಉಗುಳಿದರು.

"ಥೂ! ಸಮುದ್ರಕ್ಕೆ ಈ ರುಚಿನಾ? ಅದಕ್ಕೇ ಮೀನು ಅಲ್ಲಿಂದ ನಿಮ್ಮನೆಗೆ ಬಂದಾವೆ ಬಿಡು!"

ನನಗೆ ಎರಡು ದಿನದಿಂದ ಕಟ್ಟಿಕೊಂಡಿದ್ದ ಸಿಟ್ಟೆಲ್ಲ ನಗುವಾಗಿ ಹೊರಬಂತು. ಹೆಂಡತಿ ಬಾಗಿಲಿಗೆ ಒರಗಿ ನಕ್ಕು ನಕ್ಕು ಅಲ್ಲೇ ಕುಸಿದು ಕೂತಳು. ಪುಣ್ಯಕ್ಕೆ ಆ ನೀರಿನ ಒಂದು ಹನಿಯೂ ತೊಟ್ಟಿಗೆ ಹೋಗಿರಲಿಲ್ಲ. ಎಲ್ಲವನ್ನೂ ಚರಂಡಿಗೆ ಚೆಲ್ಲಿ, ಡ್ರಮ್ಮು ಉಜ್ಜಿ, ಹೊಸದಾಗಿ ನೀರು ಕಲಸಿದೆವು.

ಈ ಸಲ ಅತ್ತೆಯೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಹೆಂಡತಿ ಹುಣಿಸೆಹಣ್ಣು ಬಿಸಿಲಿಗಿಡಲು ಹಿತ್ತಲಿಗೆ ಬಂದಾಗ ಅವರು ಹೌಹಾರಿದರು.

"ಏಯ್, ಹುಳಿ ತಗೊಂಡು ಒಳಗೆ ಹೋಗವ್ವಾ! ಅದೇನೋ ಅದು… ಆಲ್ಕಲಮ್ಮ ಇಳಿದುಬಿಡ್ತಾಳೆ!"

ಮರುದಿನದ ಪರೀಕ್ಷೆಗೆ ಅತ್ತೆ ಮುಖ ತೊಳೆದು ಬಂದು ನಿಂತರು. ನಳಿಕೆಯಲ್ಲಿ ನೀಲಿ ಮೂಡಿತು. ತೊಟ್ಟು ಬಿದ್ದಂತೆಲ್ಲ ನಾವು ಉಸಿರು ಬಿಗಿಹಿಡಿದೆವು. ಎಂಟಕ್ಕೆ ಸರಿಯಾಗಿ ಹಳದಿಗೆ ತಿರುಗಿದಾಗ ಅತ್ತೆ ಚಪ್ಪಾಳೆ ತಟ್ಟಿದರು.

ಹೊಸ ನೀರು ಹಾಕಿದ ಮೇಲೆ ಅತ್ತೆ ತೊಟ್ಟಿಯ ಮುಂದೆ ಬಹಳ ಹೊತ್ತು ಕೂತಿದ್ದರು. ದೊಡ್ಡ ಮೀನು ಚಿಕ್ಕದನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಅಟ್ಟುತ್ತಿತ್ತು.

"ಇವೆರಡ್ರಾಗೆ ಗಂಡು ಯಾವುದು?"

"ಚಿಕ್ಕದು ಅತ್ತೆ. ದೊಡ್ಡದು ಹೆಣ್ಣು. ಮನೆಯೆಲ್ಲ ಅದರದ್ದೇ ಕಾರುಬಾರು."

ಅತ್ತೆ ನನ್ನನ್ನೊಮ್ಮೆ, ನನ್ನ ಹೆಂಡತಿಯನ್ನೊಮ್ಮೆ ನೋಡಿ ತೃಪ್ತಿಯಿಂದ ಕಾಲು ಚಾಚಿದರು.

"ಹಂಗಾದ್ರೆ ನೀರು ಸರಿಯಾಗೈತೆ ಬಿಡು."