ಸುಬ್ರಾಯಣ್ಣನ ಪೆಟ್ಟು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಕುಮಟಾದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವವಳು ನಾನು. ಭೂತ, ಕನಸು, ಶಕುನಗಳನ್ನು ಜನ ಯಾಕೆ ನಂಬುತ್ತಾರೆ ಎನ್ನುವುದೇ ನನ್ನದೊಂದು ಪಾಠ. ಆ ಪಾಠವನ್ನು ಈಗಲೂ ಮಾಡುತ್ತೇನೆ, ಆದರೆ ದನಿಯಲ್ಲಿ ಮೊದಲಿನ ಧೈರ್ಯವಿಲ್ಲ. ನೀವು ನಂಬಬೇಕು ಎಂದು ಇದನ್ನು ಬರೆಯುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಕಾಲೇಜುಗಳಿಂದ ಆರಿಸಿದ ವಿದ್ಯಾರ್ಥಿಗಳ ತಂಡವೊಂದು ಜಪಾನಿಗೆ ಅಧ್ಯಯನ ಪ್ರವಾಸ ಹೋಯಿತು. ನಾಯಕತ್ವ ಮತ್ತು ಸಂಸ್ಕೃತಿ ಅದರ ವಿಷಯ. ಭಟ್ಕಳ, ಹೊನ್ನಾವರ, ಕುಮಟಾದ ಮಕ್ಕಳು. ಹೆಚ್ಚಿನವರು ವಿಮಾನವನ್ನು ಹತ್ತಿರದಿಂದ ಕಂಡದ್ದೇ ಅದು ಮೊದಲು. ಅವರ ಜೊತೆಗೆ ಹೋದ ಇಬ್ಬರು ಅಧ್ಯಾಪಕರಲ್ಲಿ ನಾನೊಬ್ಬಳು.

ತಂಡದಲ್ಲಿ ಕರ್ಕಿಯ ಸಹನಾ ಇದ್ದಳು. ನನ್ನ ತವರೂ ಕರ್ಕಿಯೇ, ಅವರ ಮನೆಯ ಹಿಂದಿನ ಕೇರಿ. ಅವಳ ಅಪ್ಪ ಸುಬ್ರಾಯಣ್ಣ ಯಕ್ಷಗಾನದ ಮೇಳಗಳಲ್ಲಿ ಚಂಡೆ ಬಾರಿಸಿ ಹೆಸರಾದವರು. ಅವಳು ಹೈಸ್ಕೂಲಿನಲ್ಲಿದ್ದಾಗ ಅವರಿಗೆ ಲಕ್ವ ಹೊಡೆಯಿತು. ಬಲಗೈ ಎದೆಯ ಮೇಲೆ ಮಡಚಿಕೊಂಡು ಹಾಗೇ ಉಳಿಯಿತು. ಮಾತು ತೊದಲಿತು. ಚಂಡೆಗೆ ಹಳೆ ಸೀರೆ ಸುತ್ತಿ ಅಟ್ಟಕ್ಕೆ ಹಾಕಿದರು.

ಊರಿನ ಎಷ್ಟೋ ಹುಡುಗರಿಗೆ ಕಲಿಸಿದ ಸುಬ್ರಾಯಣ್ಣ ಮಗಳಿಗೆ ಮಾತ್ರ ಕಲಿಸಿರಲಿಲ್ಲ. ಚಿಕ್ಕವಳಿದ್ದಾಗ ಅವಳು ಕೇಳಿದ್ದಳಂತೆ. ಹುಡುಗೀರಿಗೆ ಅದೆಂತಕ್ಕೆ, ನೀ ಓದು ಅಂದಿದ್ದರಂತೆ. ಮತ್ತೆ ಅವಳು ಕೇಳಲಿಲ್ಲ, ಕೋಲು ಮುಟ್ಟಲೂ ಇಲ್ಲ. ಪ್ರವಾಸಕ್ಕೆ ಹೆಸರು ಬಂದಾಗ ಅಪ್ಪನನ್ನು ಬಿಟ್ಟು ಹೋಗಲು ಅವಳಿಗೆ ಮನಸ್ಸಿರಲಿಲ್ಲ. ಹೋಗು ಎಂದು ಹಟ ಹಿಡಿದವರು ಅವರೇ. ಹೊರಡುವ ದಿನ ಅವಳು ಮಂಚದ ಪಕ್ಕ ಕೂತೇ ಇದ್ದಳು. ಅವರು ಎಡಗೈಯಿಂದ ಅವಳ ಬೆನ್ನು ದೂಡಿ ಬಾಗಿಲ ಕಡೆ ತೋರಿಸಿದರು. ಕರೆದೊಯ್ಯಲು ಹೋಗಿದ್ದ ನಾನು ಅದನ್ನು ಕಣ್ಣಾರೆ ಕಂಡೆ.

ಜಪಾನಿನ ಒಂದು ಸಣ್ಣ ಊರಿನಲ್ಲಿ ನಮ್ಮನ್ನು ಡೋಲು ಕಲಿಸುವ ಶಾಲೆಗೆ ಕರೆದುಕೊಂಡು ಹೋದರು. ಮಧ್ಯಾಹ್ನದ ಊಟ ಮುಗಿದ ಹೊತ್ತು. ಒಬ್ಬರು ಮುಂದೆ ನಿಂತು ಬಾರಿಸಬೇಕು, ಉಳಿದವರು ಕೇಳಿಸಿಕೊಂಡು ಹಿಂಬಾಲಿಸಬೇಕು. ಮಾತಿಲ್ಲದೆ ಮುನ್ನಡೆಸುವುದು ಹೇಗೆ ಎನ್ನುವುದು ಅಂದಿನ ಪಾಠ. ಮಕ್ಕಳು ಸರದಿಯ ಮೇಲೆ ಹೋಗಿ ಮನಸ್ಸಿಗೆ ಬಂದಂತೆ ಬಡಿದು ನಗುತ್ತ ಬಂದರು. ಸಹನಾ ಎದ್ದದ್ದು ಎಲ್ಲರದೂ ಮುಗಿದು ನಾನು ಹೆಸರು ಹಿಡಿದು ಕರೆದ ಮೇಲೆ.

ಮೊದಲು ಅವಳೂ ಎಲ್ಲರ ಹಾಗೇ ಬಡಿದಳು. ಆಮೇಲೆ ತುಸು ಹೊತ್ತು ಸುಮ್ಮನೆ ನಿಂತಳು. ಮತ್ತೆ ಶುರುವಾದಾಗ ಅದು ಬೇರೆಯೇ ಕೈ. ಸುಬ್ರಾಯಣ್ಣನಿಗೆ ಒಂದು ಅಭ್ಯಾಸವಿತ್ತು. ಮುಕ್ತಾಯದ ಕೊನೆಯ ಪೆಟ್ಟನ್ನು ತಾಳಕ್ಕೆ ಸರಿಯಾಗಿ ಕೊಡದೆ ಒಂದು ಉಸಿರಿನಷ್ಟು ಹೊತ್ತು ತಡೆದು ಹಿಡಿಯುತ್ತಿದ್ದರು. ಇನ್ನು ಬರುವುದಿಲ್ಲ ಅನ್ನಿಸುವಾಗ ಮೆಲ್ಲಗೆ ಬಿಡುತ್ತಿದ್ದರು. ಯಕ್ಷಗಾನದ ಆಟ ನೋಡಲು ಹೋಗಿ ನಿದ್ದೆಗೆ ಜಾರಿದ ಮಕ್ಕಳಾದ ನಮಗೂ ಅದು ಗೊತ್ತಾಗುತ್ತಿತ್ತು. ಅವರ ಶಿಷ್ಯರಲ್ಲಿ ಒಬ್ಬರಿಗೂ ಅದು ಬಂದದ್ದನ್ನು ನಾನು ಕೇಳಿಲ್ಲ. ಸಹನಾ ಅದನ್ನೇ ಬಾರಿಸಿ ನಿಲ್ಲಿಸಿದಳು.

ಡೋಲಿನ ಗುರುಗಳು, ವಯಸ್ಸಾದವರು, ಎದ್ದು ಬಂದು ಸೊಂಟದವರೆಗೆ ಬಾಗಿ ನಮಸ್ಕರಿಸಿದರು. ಸಹನಾಳಿಗಲ್ಲ, ಅವಳ ಬಲಗಡೆಯ ಖಾಲಿ ಜಾಗಕ್ಕೆ. ಯಾಕೆಂದು ದುಭಾಷಿಯ ಮೂಲಕ ಕೇಳಿದೆ. ಕಲಿಸಿದವರಿಗೆ ವಂದಿಸುವುದು ತಮ್ಮ ಪದ್ಧತಿ ಎಂದಷ್ಟೇ ಹೇಳಿದರು. ಇನ್ನೂ ಕೆದಕಲು ನನಗೆ ಧೈರ್ಯ ಬರಲಿಲ್ಲ. ಸಹನಾ ತನ್ನ ಬಲ ಮಣಿಕಟ್ಟನ್ನು ಹಿಡಿದುಕೊಂಡು ನಿಂತಿದ್ದಳು.

"ಅಪ್ಪ ಕೈ ಹಿಡ್ಕಂಡು ಬಾರ್ಸಿದ್ರು ಮೇಡಂ" ಅಂದಳು. ಅವಳ ಮುಖದಲ್ಲಿ ಭಯವಿರಲಿಲ್ಲ. ಸಂತೋಷವೇ ಇತ್ತು.

ವಸತಿಗೆ ಮರಳಿದಾಗ ನನಗೆ ಅವಳ ಸೋದರಮಾವನ ಫೋನ್ ಬಂತು. ಸುಬ್ರಾಯಣ್ಣ ಅಂದು ಬೆಳಿಗ್ಗೆ ತೀರಿಕೊಂಡಿದ್ದರು. ಅಲ್ಲಿ ಮಧ್ಯಾಹ್ನವಾದಾಗ ಕರ್ಕಿಯಲ್ಲಿ ಇನ್ನೂ ಬೆಳಗು. ಹೆಚ್ಚುಕಡಿಮೆ ಅದೇ ಹೊತ್ತು. ಮಗಳು ಬಂದು ಮುಟ್ಟುವ ತನಕ ದೇಹ ಇಟ್ಟುಕೊಳ್ಳುವ ಹಾಗಿಲ್ಲ, ಅಷ್ಟು ದೂರದಲ್ಲಿ ಒಬ್ಬಳೇ ಅಳುವುದು ಬೇಡ, ಊರಿಗೆ ಬಂದ ಮೇಲೇ ತಿಳಿಯಲಿ ಎಂದು ಅವಳ ತಾಯಿ ಶಾರದಕ್ಕ ಹೇಳಿಕಳಿಸಿದ್ದರು. ಆಗಲಿ ಎಂದೆ. ಮುಖ ತೊಳೆದು, ಏನೂ ಆಗದವಳ ಹಾಗೆ ಅವಳ ಕೋಣೆಗೆ ಹೋದೆ.

ಅವಳು ಬಟ್ಟೆಗಳನ್ನೆಲ್ಲ ಮಡಚಿ ಚೀಲಕ್ಕೆ ತುಂಬಿಟ್ಟು ಹಾಸಿಗೆಯ ತುದಿಯಲ್ಲಿ ಕೂತಿದ್ದಳು. "ಹೇಳೂದು ಬ್ಯಾಡ ಮೇಡಂ, ಗೊತ್ತಾತು" ಅಂದಳು. ನಾನು ಅವಳ ಪಕ್ಕದಲ್ಲಿ ಕೂತೆ. ಆಗ ಅವಳು ಅಳಲಿಲ್ಲ. ಉಳಿದ ಮಕ್ಕಳನ್ನು ಇನ್ನೊಬ್ಬ ಅಧ್ಯಾಪಕರಿಗೆ ಒಪ್ಪಿಸಿ ಅವಳನ್ನು ಕರೆದುಕೊಂಡು ವಾಪಸು ಬರುವಾಗ, ವಿಮಾನದಲ್ಲಿ ಊಟ ಬೇಕೇ ಎಂದು ಯಾರೋ ಕೇಳಿದರು. ಆಗ ಅಳಲು ಶುರು ಮಾಡಿದವಳು ಇಳಿಯುವ ತನಕ ನಿಲ್ಲಿಸಲಿಲ್ಲ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಕರ್ಕಿಗೆ ಹೋದೆ. ಸಹನಾ ಒಳಗೆ ಮಲಗಿದ್ದಳು. ಶಾರದಕ್ಕ ಜಗಲಿಯಲ್ಲಿ ಕೂತು ಎಲ್ಲ ಹೇಳಿದರು. ಅಂದು ಗಂಡನಿಗೆ ಗಂಜಿ ಕುಡಿಸಿ, ಕಾಯಿ ತುರಿಯಲು ಅಡುಗೆಮನೆಗೆ ಹೋಗಿದ್ದರಂತೆ. ಬಂದು ನೋಡುವಾಗ ಉಸಿರಿರಲಿಲ್ಲ. ವರ್ಷಗಟ್ಟಲೆ ಬಿಚ್ಚದಿದ್ದ ಬಲಗೈ ನೀಳವಾಗಿ ಮಂಚದ ಅಂಚಿನ ಮೇಲಿತ್ತು. ಬೆರಳು ಕೋಲು ಹಿಡಿದ ಹಾಗೆ ಬಾಗಿದ್ದವು.

ಪರಿಚಯದ ಡಾಕ್ಟರರೊಬ್ಬರನ್ನು ಆಮೇಲೆ ಕೇಳಿದ್ದೇನೆ. ಪ್ರಾಣ ಹೋಗುವಾಗ ಸೆಟೆದ ಕೈ ಸಡಿಲಾಗಬಹುದು ಅಂದರು. ಹುಟ್ಟಿದಾಗಿನಿಂದ ಕೇಳಿದ ಪೆಟ್ಟು ಮಗಳ ಕೈಗೆ ತಾನಾಗಿ ಬಂದಿರಲೂಬಹುದು. ಒಂದೊಂದನ್ನೇ ಎತ್ತಿಕೊಂಡರೆ ಒಂದೊಂದಕ್ಕೂ ಕಾರಣವಿದೆ. ಎಲ್ಲ ಒಟ್ಟಿಗೆ ಅದೇ ಹೊತ್ತಿಗೆ ಆದದ್ದು ಯಾಕೆಂದು ಮಾತ್ರ ನನಗೆ ಇವತ್ತಿಗೂ ತಿಳಿದಿಲ್ಲ.

ಜಪಾನಿನಲ್ಲಿ ನಡೆದದ್ದನ್ನು ಸಹನಾ ಅಮ್ಮನಿಗೆ ಹೇಳಿರಲಿಲ್ಲ. ಸಮಾಧಾನವಾದೀತು ಎಂದು ಅಂದು ಜಗಲಿಯಲ್ಲಿ ನಾನೇ ಹೇಳಿದೆ. ಶಾರದಕ್ಕ ಪೂರ್ತಿ ಕೇಳಿದರು. ಆಮೇಲೆ ಅಂಗಳ ನೋಡುತ್ತ ಅಂದರು.

"ಅಷ್ಟ್ ದೂರ ಹೋಗೂಕೆ ಶಕ್ತಿ ಇತ್ತು ಅವ್ರಿಗೆ ಅಂತಾತು. ನಾ ಇಲ್ಲೇ ಅಡುಗೆಮನೇಲಿದ್ದೆ ತಂಗಿ. ನಂಗೊಂದ್ಸಲ ಕರೀಲಿಲ್ಲ."