ತಿಮ್ಮಮ್ಮನ ಗೇಟಿನ ಗುಲಾಬಿ

ದಟ್ಟಗಳ್ಳಿಯ ನಮ್ಮ ರಸ್ತೆಯಲ್ಲಿ ಮನೆಗಳೆಲ್ಲ ಒಂದೇ ತರಹ. ಕಣ್ಣಿದ್ದವರೇ ತಡವರಿಸುತ್ತಾರೆ, ಇನ್ನು ಎದುರು ಮನೆಯ ತಿಮ್ಮಮ್ಮನಿಗೆ ಎರಡು ಕಣ್ಣೂ ಕಾಣುವುದಿಲ್ಲ. ಆದರೂ ಬೆಳಗಾಗುತ್ತಲೇ ಕೋಲೂರಿಕೊಂಡು ಮೂಲೆಯ ಗಣೇಶನ ಗುಡಿಗೆ ಒಬ್ಬರೇ ಹೋಗಿ ಬರಬೇಕು. ದಿನಕ್ಕೆ ಅಷ್ಟೇ ಅವರ ಸ್ವಾತಂತ್ರ್ಯ. ಎರಡು ಸಲ ಯಾರದೋ ಮನೆಗೆ ನುಗ್ಗಿದ ಮೇಲೆ ಮಗ ಮಹದೇವ ಕಡ್ಡಿ ಮುರಿದಂತೆ ಹೇಳಿದ: "ಇನ್ನೊಂದ್ಸಲ ದಾರಿ ತಪ್ಪುದ್ರೆ ಗೇಟಿಗೆ ಬೀಗ ಕಣವ್ವ."

ಸೊಸೆ ಸುಮಿತ್ರಮ್ಮ ವಾದ ಮಾಡಲಿಲ್ಲ. ಗೇಟಿನ ಪಕ್ಕ ಗುಲಾಬಿ ನೆಡುತ್ತೇನೆ, ಅತ್ತೆ ಘಮ ಹಿಡಿದು ಮನೆಗೆ ಬರಲಿ ಎಂದರು. ತಲೆ ಕೆಟ್ಟಿದೆ ಎಂದುಕೊಂಡೆ ನಾನು. ಮೊದಲು ತಂದ ಕಸಿ ಗಿಡ ತಟ್ಟೆಯಗಲ ಹೂ ಬಿಟ್ಟಿತು, ವಾಸನೆ ಮಾತ್ರ ಸೊನ್ನೆ. ಎರಡನೆಯದನ್ನು ಸೆರಗಿನಿಂದ ಕಣ್ಣು ಮುಚ್ಚಿಕೊಂಡು, ಮೂಸಿ ಮೂಸಿಯೇ ಆರಿಸಿದರಂತೆ. ಅದು ಏಪ್ರಿಲ್ ಬಿಸಿಲಿಗೆ ಸುಟ್ಟುಹೋಯಿತು. ಕೊನೆಗೆ ಒಂಟಿಕೊಪ್ಪಲಿನ ಚಿಕ್ಕಮ್ಮನ ಕಾಂಪೌಂಡಿನಲ್ಲಿ ಯಾರೂ ನೀರು ಹಾಕದೆಯೇ ಬದುಕಿದ್ದ ಪನ್ನೀರು ಗುಲಾಬಿಯ ಕಡ್ಡಿ ತಂದು, ಮೊದಲ ಮಳೆಗೆ ಊರಿದರು.

ಎರಡು ವರ್ಷಕ್ಕೆ ಅದು ಗೇಟಿನೆತ್ತರ ಬೆಳೆಯಿತು. ಹೂ ಚಿಕ್ಕದು, ಎಸಳು ಕೆದರಿದ್ದು, ನೋಡಲು ಏನೂ ಅಲ್ಲ. ಆದರೆ ಇಬ್ಬನಿಯ ಹೊತ್ತಿನಲ್ಲಿ ಆ ಘಮ ರಸ್ತೆಗೆ ಇಳಿದು ಸುಮ್ಮನೆ ನಿಂತಿರುತ್ತಿತ್ತು. ತಿಮ್ಮಮ್ಮ ಅದರೊಳಗೆ ಕಾಲಿಟ್ಟವರೇ ನಿಂತು, ಮುಖ ಎತ್ತಿ, ನಿಧಾನವಾಗಿ ಕೈ ಚಾಚಿ ಚಿಲಕ ತೆಗೆಯುತ್ತಿದ್ದರು. ಅದನ್ನು ನೋಡುವಾಗ ನಾನಿನ್ನೂ ನಿದ್ದೆಯಲ್ಲೇ ಇದ್ದೇನೇನೋ ಎನಿಸುತ್ತಿತ್ತು. ಅಷ್ಟು ಚೆಂದ.

ಈಗ ನನ್ನ ವಿಷಯ. ನಮ್ಮ ಬಡಾವಣೆಯಲ್ಲಿ ವಾಕಿಂಗ್ ಹೋಗುವವರ ಕೈಯಲ್ಲಿ ಒಂದು ಕವರ್ ಇದ್ದೇ ಇರುತ್ತದೆ. ಕಾಂಪೌಂಡಿನಾಚೆ ಬಾಗಿದ ಹೂವೆಲ್ಲ ನಮ್ಮ ಪೂಜೆಗೆಂಬುದು ನಾವೇ ಮಾಡಿಕೊಂಡ ಕಾನೂನು. ಎರಡು ಕಿತ್ತರೆ ಏನಾಯಿತು ಎಂದು ಶುರು ಮಾಡಿದವನು, ಒಂದು ಶುಕ್ರವಾರ ಪನ್ನೀರು ಗಿಡವನ್ನೇ ಬೋಳಿಸಿದೆ.

ಆಮೇಲೆ, ಘಮ್ಮೆನ್ನುವ ಕವರನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಂಡು, ಐದು ಮನೆ ಆಚೆ ಕಣಗಿಲೆಗೆ ಕೈ ಹಾಕಿದ್ದೆ. ಗುಡಿಯಿಂದ ಬರುತ್ತಿದ್ದ ತಿಮ್ಮಮ್ಮ ತಮ್ಮ ಗೇಟು ದಾಟಿ ಸೀದಾ ನನ್ನತ್ತ ಬಂದರು. ನನ್ನೆದುರು ನಿಂತು ಮುಖ ಎತ್ತಿದರು, ಚಿಲಕಕ್ಕೆಂದು ಕೈ ಚಾಚಿದರು. ಸಿಕ್ಕಿದ್ದು ನನ್ನ ಶರ್ಟಿನ ಗುಂಡಿ.

"ಯಾರಪ್ಪ? ನಮ್ಮನೆ ಅಲ್ವಾ ಇದು?"

"ನಾನು ಕಣವ್ವ, ಶಿವಕುಮಾರ."

ಅವರು ತಟ್ಟನೆ ಗುಂಡಿ ಬಿಟ್ಟರು. "ದಾರಿ ತಪ್ಬುಟ್ಟೆ ಕಣಪ್ಪ. ನಮ್ ಮಾದೇವುಂಗೆ ಯೋಳ್ಬೇಡ. ನಿನ್ ದಮ್ಮಯ್ಯ."

ಕೈ ಹಿಡಿದು ಮನೆಗೆ ಕರೆತಂದೆ. ಮಹದೇವ ಗೇಟಿನಲ್ಲೇ ನಿಂತಿದ್ದ, ಹಿಂದೆ ಸುಮಿತ್ರಮ್ಮ. ಅವನು ಬಾಯಿ ತೆರೆಯುವ ಮೊದಲೇ ಹೇಳಿದೆ: "ಅವ್ವಂದೇನೂ ತಪ್ಪಿಲ್ಲ. ನಿಮ್ ಗಿಡದ ಹೂವೆಲ್ಲ ಕಿತ್ತೋನು ನಾನು." ಕವರ್ ಬಿಚ್ಚಿ ತೋರಿಸಿದೆ.

ತಿಮ್ಮಮ್ಮ ಕವರಿನೊಳಗೆ ಕೈಯಾಡಿಸಿ ಒಂದು ಹೂ ತೆಗೆದು ಮೂಸಿದರು.

"ನಾಳಿಂದ ಚಿಲಕದ್ ಪಕ್ಕದವು ಎರಡು ಬುಟ್ಬುಡಪ್ಪ," ಎಂದರು. "ಮಿಕ್ಕಿದ್ದು ನಿಮ್ ದೇವ್ರಿಗೇ ಆಗ್ಲಿ."